ಓವರ್‌ಕ್ಲಾಕ್ ಮಾಡೋ ಮುಂಚೆ ಫ್ಯಾನ್ ಬಿಚ್ಚಿ ನೋಡು

ಪ್ರಶ್ನೆ: ಸರ್, ನಾನು ಗದಗಿನಲ್ಲಿ ಬಿಸಿಎ ಓದುತ್ತಿದ್ದೇನೆ. ನನ್ನ ಲ್ಯಾಪ್‌ಟಾಪ್‌ಗೆ ನಾಲ್ಕು ವರ್ಷ ಆಯಿತು. ಇಂಟೆಲ್ ಐ5-10300ಎಚ್ ಪ್ರೊಸೆಸರ್, 8 ಜಿಬಿ ರ್‍ಯಾಮ್, 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಇದೆ. ಗೇಮ್ ಶುರುವಾದಾಗ 60 ಎಫ್‌ಪಿಎಸ್ (ಸೆಕೆಂಡಿಗೆ ಮೂಡೋ ಚಿತ್ರಗಳ ಲೆಕ್ಕ) ಬರುತ್ತೆ. ಹದಿನೈದು ನಿಮಿಷಕ್ಕೆ 35ಕ್ಕೆ ಇಳಿದು ತಡೆದು ತಡೆದು ಓಡುತ್ತೆ. ಗೆಳೆಯ ತನ್ನ ಡೆಸ್ಕ್‌ಟಾಪ್ ಓವರ್‌ಕ್ಲಾಕ್ ಮಾಡಿಕೊಂಡಿದ್ದಾನೆ, ಅಂದರೆ ಕಂಪನಿ ಇಟ್ಟಿದ್ದಕ್ಕಿಂತ ಚಿಪ್‌ನ ವೇಗ ಏರಿಸಿಕೊಂಡಿದ್ದಾನೆ, ನೀನೂ ಮಾಡು ಅಂತಾನೆ. ಹೊಸದು ಕೊಡಿಸಿ ಅಂತ ಮನೆಯಲ್ಲಿ ಕೇಳೋ ಹಾಗಿಲ್ಲ. ಮಾಡಲಾ, ಬೇಡವಾ?
– ಹೆಸರು ಬೇಡ, ಗದಗ

ಉತ್ತರ: ಬೇಡ ತಮ್ಮಾ. ಈಗಂತೂ ಬೇಡ.

ಯಾಕೆ ಅನ್ನೋದು ನಿನ್ನ ಪತ್ರದಲ್ಲೇ ಇದೆ. ಮೊದಲ ಹದಿನೈದು ನಿಮಿಷ 60 ಬರುತ್ತೆ ಅಂದರೆ ಆ ಗೇಮ್ ಓಡಿಸೋ ಶಕ್ತಿ ನಿನ್ನ ಮಷೀನಿಗೆ ಇದೆ. ಆಮೇಲೆ ಇಳಿಯೋದು ಹೆಚ್ಚಾಗಿ ಬಿಸಿಯಿಂದ. ಈ ಪ್ರೊಸೆಸರ್‌ಗೆ 100 ಡಿಗ್ರಿ ಮಿತಿ. ಅಲ್ಲಿಗೆ ಮುಟ್ಟಿದ ಕೂಡಲೇ ತನ್ನನ್ನು ಉಳಿಸಿಕೊಳ್ಳೋಕೆ ತಾನೇ ವೇಗ ತಗ್ಗಿಸುತ್ತೆ. ಇದಕ್ಕೆ ಥರ್ಮಲ್ ಥ್ರಾಟ್ಲಿಂಗ್ ಅಂತಾರೆ. ಹೀಗೆ ಉಸಿರುಗಟ್ಟಿರೋ ಮಷೀನಿಗೆ ಓವರ್‌ಕ್ಲಾಕ್ ಮಾಡಿದರೆ ಬಿಸಿ ಇನ್ನೂ ಬೇಗ ಏರುತ್ತೆ, ಹದಿನೈದು ನಿಮಿಷಕ್ಕೆ ಬೀಳೋದು ಎಂಟಕ್ಕೇ ಬೀಳುತ್ತೆ, ಅಷ್ಟೇ.

ಇನ್ನೊಂದು ವಿಷಯ ನಿನ್ನ ಗೆಳೆಯನಿಗೆ ಗೊತ್ತಿಲ್ಲ ಅನ್ನಿಸುತ್ತೆ. ನಿನ್ನ ಪ್ರೊಸೆಸರ್ ಲಾಕ್ ಆಗಿರೋದು. ಇಂಟೆಲ್‌ನ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಹೆಸರಿನ ಕೊನೆಗೆ ಎಚ್‌ಕೆ ಅಥವಾ ಎಚ್‌ಎಕ್ಸ್ ಇರೋವು ಮಾತ್ರ ಸಾಮಾನ್ಯವಾಗಿ ಓವರ್‌ಕ್ಲಾಕ್‌ಗೆ ಬಗ್ಗುತ್ತವೆ, ಬರೀ ಎಚ್ ಇದ್ದರೆ ಇಲ್ಲ. 4.5 ಗಿಗಾಹರ್ಟ್ಸ್ ಅದರ ಗಡಿ, ಅದನ್ನು ಕಂಪನಿಯವರೇ ಟರ್ಬೊ ಅಂತ ಕೊಟ್ಟಿದ್ದಾರೆ. ಹಾಗಾಗಿ ಉಳಿಯೋದು ಗ್ರಾಫಿಕ್ಸ್ ಒಂದೇ.

ಅದರ ಲೆಕ್ಕವನ್ನೂ ನೋಡು. ಚಿಪ್ ಎಳೆಯೋ ವಿದ್ಯುತ್ ಶಕ್ತಿ ವೇಗ ಏರಿದಷ್ಟು ಏರುತ್ತೆ, ವೋಲ್ಟೇಜ್ ಏರಿದರೆ ಅದರ ವರ್ಗದಷ್ಟು ಏರುತ್ತೆ. ವೇಗ ನೂರಕ್ಕೆ ಹತ್ತು, ವೋಲ್ಟೇಜ್ ನೂರಕ್ಕೆ ಹತ್ತು ಏರಿಸಿದೆ ಅನ್ನು, ಬಿಸಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಜಾಸ್ತಿ. ಸಿಗೋದು ಎಷ್ಟು? ಎಲ್ಲಾ ಸರಿಹೋದರೂ 60 ಇದ್ದದ್ದು 66. ನಿನ್ನ ಪರದೆ 60 ಹರ್ಟ್ಸ್‌ನದಾದರೆ, ಅಂದರೆ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸೋದಾದರೆ, ಆ ಆರು ಕಣ್ಣಿಗೆ ಕಾಣೋದೂ ಇಲ್ಲ. ನಿನ್ನ ಗೆಳೆಯನ ಡೆಸ್ಕ್‌ಟಾಪ್‌ನಲ್ಲಿ ಪ್ರೊಸೆಸರ್‌ಗೆ ಬೇರೆ ಫ್ಯಾನು, ಗ್ರಾಫಿಕ್ಸ್‌ಗೆ ಬೇರೆ ಫ್ಯಾನು, ಸುತ್ತ ಗಾಳಿಯಾಡೋಕೆ ಜಾಗ. ಲ್ಯಾಪ್‌ಟಾಪ್‌ನಲ್ಲಿ ಬಹಳ ಸಲ ಎರಡೂ ಒಂದೇ ತಾಮ್ರದ ಕೊಳವೆಗೆ ಬಿಸಿ ಸುರೀತವೆ, ಒಂದು ಕಾದರೆ ಇನ್ನೊಂದೂ ಕಾಯುತ್ತೆ. ಅದರ ಮೇಲೆ ನಮ್ಮ ಕಡೆ ಬೇಸಿಗೆ. ಏಪ್ರಿಲ್, ಮೇನಲ್ಲಿ ರೂಮಿನೊಳಗೇ 35 ಡಿಗ್ರಿ ಇರುವಾಗ ಫ್ಯಾನು ಎಳಕೊಳ್ಳೋದು ಅದೇ ಬಿಸಿ ಗಾಳಿ ತಾನೆ? ರೂಮಿನ ಬಿಸಿ ಎಷ್ಟು ಡಿಗ್ರಿ ಏರುತ್ತೋ ಒಳಗಿನ ಚಿಪ್ಪಿನ ಬಿಸಿಯೂ ಹೆಚ್ಚುಕಮ್ಮಿ ಅಷ್ಟೇ ಡಿಗ್ರಿ ಏರುತ್ತೆ.

ಹೋದ ವರ್ಷ ಹುಬ್ಬಳ್ಳಿಯಲ್ಲಿ ನನ್ನ ಅಕ್ಕನ ಮಗನ ಲ್ಯಾಪ್‌ಟಾಪ್ ಬಿಚ್ಚಿದ್ದೆ. ಅವನದೂ ಇದೇ ಗೋಳು. ಗಾದಿ ಮೇಲೆ ಇಟ್ಟುಕೊಂಡು ಆಡೋ ರೂಢಿ ಅವನಿಗೆ. ಕೆಳಗಿನ ಮುಚ್ಚಳ ತೆಗೆದಾಗ ಫ್ಯಾನು ಮೇಲ್ನೋಟಕ್ಕೆ ಚೊಕ್ಕಾಗೇ ಇತ್ತು. ಫ್ಯಾನಿನ ಸ್ಕ್ರೂ ಬಿಚ್ಚಿ ಎತ್ತಿದ ಮೇಲೆ ಗೊತ್ತಾಯಿತು. ಫ್ಯಾನಿಗೂ ಬಿಸಿ ಹೊರಹಾಕೋ ತಗಡಿನ ಸಣ್ಣ ಸಣ್ಣ ರೆಕ್ಕೆಗಳಿಗೂ ನಡುವೆ ಅರಳೆ, ಧೂಳು, ಕೂದಲು ಸೇರಿ ಕಂಬಳಿಯಂಥ ಬೂದು ಪಟ್ಟಿ ಕಟ್ಟಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಅಖಂಡವಾಗಿ ಬಂತು. ಹೊರಗಿನಿಂದ ಎಷ್ಟು ಊದಿದ್ದರೂ ಅದು ಬರುತ್ತಿರಲಿಲ್ಲ. ಚಿಪ್ ಮೇಲೆ ಬಿಸಿ ದಾಟಿಸೋಕೆ ಹಚ್ಚಿರೋ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರುತ್ತಿತ್ತು. ಹಳೇದು ಒರೆಸಿ ಹೊಸದು ಹಚ್ಚಿ ಕೂಡಿಸಿದ್ವಿ. 97 ಡಿಗ್ರಿ ಓಡುತ್ತಿದ್ದದ್ದು 82ಕ್ಕೆ ನಿಂತಿತು.

ನೀನೂ ಇಲ್ಲಿಂದಲೇ ಶುರು ಮಾಡು. ಮೊದಲು ಚಿಪ್‌ನ ಬಿಸಿ ತೋರಿಸೋ ಎಚ್‌ಡಬ್ಲ್ಯೂಇನ್‌ಫೊ (HWiNFO) ಅನ್ನೋ ಉಚಿತ ತಂತ್ರಾಂಶ ಹಾಕಿ 20 ನಿಮಿಷ ಆಡು. ಪ್ರೊಸೆಸರ್ ಎಷ್ಟು ಡಿಗ್ರಿ ಮುಟ್ಟಿತು, ಥರ್ಮಲ್ ಥ್ರಾಟ್ಲಿಂಗ್ ಸಾಲಿನಲ್ಲಿ ಯೆಸ್ (Yes) ಅಂತ ಬಂತಾ, ಬರೆದಿಟ್ಟುಕೋ. ಬಂದಿದ್ದರೆ ಬಿಚ್ಚಿ ಸ್ವಚ್ಛ ಮಾಡಿಸು. ನೀನೇ ಬಿಚ್ಚೋದಾದರೆ ಚಾರ್ಜರ್ ತೆಗಿ, ಒಳಗಿನ ಬ್ಯಾಟರಿ ಕನೆಕ್ಟರನ್ನೂ ಬಿಡಿಸು, ಧೂಳು ಊದುವಾಗ ಫ್ಯಾನಿನ ರೆಕ್ಕೆ ತಿರುಗದ ಹಾಗೆ ಬೆರಳಲ್ಲಿ ಹಿಡಿ. ಬ್ಯಾಟರಿ ಉಬ್ಬಿದ್ದು ಕಂಡರೆ, ಟಚ್‌ಪ್ಯಾಡ್ ಮೇಲಕ್ಕೆ ಎದ್ದಿದ್ದರೆ, ಅಲ್ಲೇ ನಿಲ್ಲಿಸು. ಅದನ್ನು ಬದಲಾಯಿಸೋ ತನಕ ಆ ಲ್ಯಾಪ್‌ಟಾಪ್ ಹಚ್ಚಲೇಬೇಡ. ಅಭ್ಯಾಸ ಇಲ್ಲದಿದ್ದರೆ ರಿಪೇರಿ ಅಂಗಡಿಗೆ ಕೊಡು, ಆದರೆ ಬರೀ ಬ್ರಷ್ ಆಡಿಸಿ ಕೊಡಬೇಡಿ, ಫ್ಯಾನು ಎತ್ತಿ ಪೇಸ್ಟ್ ಬದಲಾಯಿಸಿ ಅಂತ ಬಾಯಿಬಿಟ್ಟು ಹೇಳು.

ಎರಡನೇದು ರ್‍ಯಾಮ್. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ ಒತ್ತು. ರ್‍ಯಾಮ್ ಕಡ್ಡಿ ಕೂರಿಸೋ ಸ್ಲಾಟ್ ಎಷ್ಟು ಬಳಕೆಯಲ್ಲಿವೆ ಅಂತ ಅಲ್ಲೇ ತೋರಿಸುತ್ತೆ. ಎರಡರಲ್ಲಿ ಒಂದೇ ತುಂಬಿದ್ದರೆ ಅದೇ ವೇಗದ ಇನ್ನೊಂದು 8 ಜಿಬಿ ಹಾಕಿಸು. ಎರಡು ಕಡ್ಡಿ ಒಟ್ಟಿಗೆ ಕೆಲಸ ಮಾಡಿದರೆ ದತ್ತಾಂಶ ಎರಡು ದಾರಿಯಲ್ಲಿ ಓಡುತ್ತೆ, ತಡೆದು ತಡೆದು ಓಡೋದು ಎಷ್ಟೋ ಕಮ್ಮಿ ಆಗುತ್ತೆ. ಖರ್ಚು ಮಾಡೋ ದುಡ್ಡಿದ್ದರೆ ಇಲ್ಲಿ ಮಾಡು.

ಮತ್ತೆ ಗಾದಿ ಮೇಲೆ ಆಡಬೇಡ, ಹಿಂಬದಿಗೆ ಎರಡು ನೋಟ್‌ಬುಕ್ ಕೊಟ್ಟು ಎತ್ತರಿಸು, ಆದರೆ ಗಾಳಿಯ ಕಿಂಡಿ ಮುಚ್ಚಬಾರದು. ಕರೆಂಟು ಹೋದಾಗ ಬ್ಯಾಟರಿ ಮೇಲೆ ಆಡಿ ವೇಗ ಇಲ್ಲ ಅನ್ನಬೇಡ. ಚಾರ್ಜರ್ ಇಲ್ಲದಾಗ ಅದು ಹೇಗೂ ಶಕ್ತಿ ಕಮ್ಮಿ ಮಾಡುತ್ತೆ.

ಇಷ್ಟೆಲ್ಲಾ ಆದ ಮೇಲೂ ಕೈ ಕಡಿಯುತ್ತಿದ್ದರೆ ಗ್ರಾಫಿಕ್ಸ್ ಚಿಪ್‌ನ ವೇಗ, ವೋಲ್ಟೇಜ್ ಹೊಂದಿಸೋ ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ತಂತ್ರಾಂಶದಲ್ಲಿ ಅಂಡರ್‌ವೋಲ್ಟ್ ಮಾಡಿ ನೋಡು. ಅದೇ ವೇಗಕ್ಕೆ ಕಮ್ಮಿ ವೋಲ್ಟೇಜ್ ಕೊಡೋದು, ಬಿಸಿ ಇಳಿಯುತ್ತೆ. ಪ್ರೊಸೆಸರ್‌ಗೂ ಹೀಗೆ ಮಾಡಬಹುದಿತ್ತು, ಆದರೆ 2019ರಲ್ಲಿ ಪ್ಲಂಡರ್‌ವೋಲ್ಟ್ ಅನ್ನೋ ಭದ್ರತಾ ಲೋಪ ಹೊರಬಿದ್ದ ಮೇಲೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ದಾರಿ ಮುಚ್ಚಿದ್ದಾರೆ. ಗ್ರಾಫಿಕ್ಸ್ ವೇಗವನ್ನೇ ಏರಿಸ್ತೀನಿ ಅಂತಿದ್ದರೆ ಒಂದು ಸಲಕ್ಕೆ 25 ಮೆಗಾಹರ್ಟ್ಸ್ ಮಾತ್ರ ಏರಿಸು, ಪ್ರತಿ ಸಲ ಅರ್ಧ ಗಂಟೆ ಆಡು, ಪರದೆ ಮೇಲೆ ಬಣ್ಣದ ಚುಕ್ಕಿ ಕಂಡರೆ, ಗೇಮ್ ತಾನಾಗೇ ಮುಚ್ಚಿದರೆ ಹಿಂದಕ್ಕೆ ಬಾ. ವಿಂಡೋಸ್ ಶುರುವಾದ ಕೂಡಲೇ ಅದು ಜಾರಿಯಾಗೋ ಆಯ್ಕೆಯನ್ನು ಮಾತ್ರ ಒತ್ತಬೇಡ.

ಸ್ವಚ್ಛ ಮಾಡಿಸಿದ ಮೇಲೆ ಅದೇ ಗೇಮು, ದಿನದ ಅದೇ ಹೊತ್ತು, 20 ನಿಮಿಷ ಆಡಿ ಮೊದಲಿನ ಡಿಗ್ರಿ, ಈಗಿನ ಡಿಗ್ರಿ ಎರಡನ್ನೂ ಬರೆದು ಕಳಿಸು. ಆಮೇಲೂ 95ರ ಮೇಲೇ ಇದ್ದರೆ ಮುಂದೇನು ಮಾಡೋದು ಅಂತ ನೋಡೋಣ.