ಓದುಗರ ಪ್ರಶ್ನೆ: ಖಾತೆ ಬದಲಾದ್ರೆ ಏನು ಬದಲಾಗುತ್ತೆ?

ಪ್ರಶ್ನೆ: ಸರ್, ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದ್ತಿದ್ದೀನಿ. ಕೇಂದ್ರದಲ್ಲಿ ಸಂಪುಟ ಪುನಾರಚನೆ ಆದಾಗ ಒಂದ್ಸಲ ಟಿವಿಲಿ ಪ್ರಮಾಣ ವಚನ ತೋರಿಸ್ತಾರೆ, ಇನ್ನೊಂದ್ಸಲ ಬರೀ ಹೆಸರಿನ ಪಟ್ಟಿ ಬರುತ್ತೆ. ಯಾಕೆ ಹೀಗೆ? ಇದಕ್ಕೆ ಸಂಸತ್ತಿನ ಒಪ್ಪಿಗೆ ಬೇಡ್ವಾ?

ಉತ್ತರ: ಬೇಡ ಕಣಮ್ಮ. ಸಂವಿಧಾನದ 75ನೇ ವಿಧಿ ಓದಿ ನೋಡು, ಪ್ರಧಾನಿ ಸಲಹೆ ಮೇಲೆ ರಾಷ್ಟ್ರಪತಿಗಳು ಸಚಿವರನ್ನ ನೇಮಕ ಮಾಡ್ತಾರೆ, ಅವರ ಇಚ್ಛೆ ಇರೋವರೆಗೆ ಸಚಿವರು ಇರ್ತಾರೆ ಅಂತಿದೆ, ಅಂದ್ರೆ ನಡೆಯೋದು ಪ್ರಧಾನಿ ಮಾತು. ಸಂಖ್ಯೆಗೆ ಇರೋ ಮಿತಿ ಅಂದ್ರೆ 2003ರ 91ನೇ ತಿದ್ದುಪಡಿ, ಪ್ರಧಾನಿನೂ ಸೇರಿ ಸಚಿವರ ಸಂಖ್ಯೆ ಲೋಕಸಭೆಯ ಬಲದ ಶೇ. 15 ದಾಟಬಾರದು, 543ಕ್ಕೆ ಲೆಕ್ಕ ಹಾಕಿದ್ರೆ 81.

ಇನ್ನು ಪ್ರಮಾಣ ವಚನದ ವಿಷಯ. 2021ರ ಜುಲೈ 7ರಂದು 12 ಸಚಿವರು ರಾಜೀನಾಮೆ ಕೊಟ್ರು, ಸಂಜೆ 43 ಜನ ಪ್ರಮಾಣ ಸ್ವೀಕರಿಸಿದ್ರು, ಅದರಲ್ಲಿ 36 ಹೊಸ ಮುಖ, ಉಳಿದ 7 ಜನ ಮೊದಲೇ ಸಚಿವರಾಗಿದ್ದು ಬಡ್ತಿ ಸಿಕ್ಕವರು. ಆದ್ರೆ 2023ರ ಮೇ ತಿಂಗಳಲ್ಲಿ ಕಿರಣ್ ರಿಜಿಜು ಅವರನ್ನ ಕಾನೂನು ಖಾತೆಯಿಂದ ಭೂ ವಿಜ್ಞಾನಕ್ಕೆ ಕಳಿಸಿದಾಗ ರಾಷ್ಟ್ರಪತಿ ಭವನದಿಂದ ಒಂದು ಪ್ರಕಟಣೆ ಬಂತು, ಅಷ್ಟೇ. ಕಾರಣ ಮೂರನೇ ಅನುಸೂಚಿಯಲ್ಲಿ ಸಿಗುತ್ತೆ. ಅಲ್ಲಿರೋ ಪ್ರಮಾಣದಲ್ಲಿ 'ಒಕ್ಕೂಟದ ಸಚಿವ' ಅಂತ ಮಾತ್ರ ಇದೆ, ರೈಲ್ವೆ, ಕೃಷಿ ಅಂತ ಯಾವ ಖಾತೆ ಹೆಸರೂ ಇಲ್ಲ! ಹಾಗಾಗಿ ಖಾತೆ ಬದಲಾದ್ರೂ ಮೊದಲು ತಗೊಂಡ ಪ್ರಮಾಣನೇ ನಡೆಯುತ್ತೆ. ಪರೀಕ್ಷೆಗೆ ಇನ್ನೊಂದು ನೆನಪಿಟ್ಕೋ, ಸಂವಿಧಾನದಲ್ಲಿ 'ಸಂಪುಟ' ಅನ್ನೋ ಮಾತು ಮೊದಲು ಇರಲೇ ಇಲ್ಲ, 1978ರ 44ನೇ ತಿದ್ದುಪಡಿಯಲ್ಲಿ ತುರ್ತು ಪರಿಸ್ಥಿತಿಯ 352ನೇ ವಿಧಿಗೆ ಸೇರಿಸಿದ್ದು.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಪುನಾರಚನೆ ಅಂದ ಕೂಡಲೇ ಪೇಪರ್ ತುಂಬಾ ನಮ್ಮ ರಾಜ್ಯಕ್ಕೆ ಎಷ್ಟು, ಯಾವ ಜಾತಿಗೆ ಎಷ್ಟು ಅನ್ನೋ ಲೆಕ್ಕನೇ. ಇದ್ರಿಂದ ಜನಕ್ಕೆ ಏನಾದ್ರೂ ಆಗುತ್ತಾ?

ಉತ್ತರ: ಮೇಷ್ಟ್ರೇ, ಇದೇ ಪ್ರಶ್ನೆ ನನ್ನನ್ನೂ ಬಹಳ ವರ್ಷದಿಂದ ಕಾಡ್ತಿದೆ. ಪ್ರಾತಿನಿಧ್ಯ ಬೇಡ ಅಂತ ನಾನು ಹೇಳಲ್ಲ, ಇಷ್ಟು ದೊಡ್ಡ ದೇಶದಲ್ಲಿ ಎಲ್ಲರೂ ಆ ಮೇಜಿನ ಸುತ್ತ ಕಾಣಿಸ್ಬೇಕು. ಆದ್ರೆ ನಾವು ತಲೆ ಎಣಿಸಿ ಸುಮ್ಮನಾಗ್ತೀವಿ, ಕೊಟ್ಟಿದ್ದು ಯಾವ ದರ್ಜೆ, ಎಷ್ಟು ದಿನ ಇರೋಕೆ ಬಿಟ್ರು ಅಂತ ಕೇಳೋದೇ ಇಲ್ಲ.

ನಮ್ಮ ಸದಾನಂದ ಗೌಡರನ್ನೇ ತಗೊಳ್ಳಿ. 2014ರ ಮೇ 26ಕ್ಕೆ ಸಚಿವರಾದ್ರು, ರೈಲ್ವೆ ಖಾತೆ ಸಿಕ್ತು, ಜುಲೈ 8ಕ್ಕೆ ಲೋಕಸಭೆಯಲ್ಲಿ ರೈಲ್ವೆ ಬಜೆಟ್ ಓದಿದ್ರು, ಇಡೀ ಕರ್ನಾಟಕ ಟಿವಿ ಮುಂದೆ ಕೂತು ನಮ್ಮೂರಿಗೆ ಯಾವ ಗಾಡಿ ಬರುತ್ತೆ ಅಂತ ನೋಡ್ತು. ನವೆಂಬರ್ 9ಕ್ಕೆ ಸುರೇಶ್ ಪ್ರಭು ಪ್ರಮಾಣ ವಚನ ತಗೊಂಡ್ರು, ರೈಲ್ವೆ ಅವರಿಗೆ ಹೋಯ್ತು, ಗೌಡರಿಗೆ ಕಾನೂನು. ಆರು ತಿಂಗಳೂ ತುಂಬಿರಲಿಲ್ಲ. ತಾನೇ ಓದಿದ ಬಜೆಟ್ಟಿನ ಒಂದು ವರ್ಷನೂ ನೋಡೋಕೆ ಆಗ್ಲಿಲ್ಲ. 2016ರ ಜುಲೈನಲ್ಲಿ ಕಾನೂನೂ ಹೋಗಿ ಸಾಂಖ್ಯಿಕ ಖಾತೆ, 2018ರಲ್ಲಿ ಅನಂತಕುಮಾರ್ ತೀರಿಕೊಂಡ ಮೇಲೆ ರಸಗೊಬ್ಬರ, 2021ಕ್ಕೆ ಸಂಪುಟದಿಂದಲೇ ಹೊರಗೆ. ಅವರ ಬಗ್ಗೆ ಯಾರಿಗೆ ಏನೇ ಅಭಿಪ್ರಾಯ ಇರ್ಲಿ, ಏಳು ವರ್ಷದಲ್ಲಿ ನಾಲ್ಕು ಖಾತೆ ಅಂದ್ರೆ ಯಾವುದನ್ನ ಕಲಿಯೋದು, ಯಾವುದನ್ನ ಮಾಡಿ ತೋರಿಸೋದು ಹೇಳಿ. ರೈಲ್ವೆ ಕಡೆಯಿಂದ ನೋಡಿದ್ರೂ ಅದೇ ಕಥೆ, 2014ರಿಂದ 2021ರೊಳಗೆ ಗೌಡರು, ಪ್ರಭು, ಪೀಯೂಷ್ ಗೋಯಲ್, ಅಶ್ವಿನಿ ವೈಷ್ಣವ್ ಅಂತ ನಾಲ್ಕು ಸಚಿವರು.

ಅದೇ 2021ರಲ್ಲಿ ಕರ್ನಾಟಕದಿಂದ ಹೊಸದಾಗಿ ನಾಲ್ವರು ಅಂತ ಸಂಭ್ರಮ ಪಟ್ವಿ. ಶೋಭಾ ಕರಂದ್ಲಾಜೆ, ರಾಜೀವ್ ಚಂದ್ರಶೇಖರ್, ನಾರಾಯಣಸ್ವಾಮಿ, ಭಗವಂತ ಖೂಬಾ. ನಾಲ್ವರೂ ರಾಜ್ಯ ಸಚಿವರು, ಅಂದ್ರೆ ಕೇಂದ್ರದಲ್ಲೇ ಸಂಪುಟ ದರ್ಜೆಗಿಂತ ಕೆಳಗಿನ ಸಚಿವರು. ರಾಜ್ಯ ಸಚಿವರು ಸಂಪುಟದ ಸದಸ್ಯರಲ್ಲ, ಕರೆದಾಗ ಮಾತ್ರ ಸಭೆಗೆ ಹೋಗ್ತಾರೆ, ಸ್ವತಂತ್ರ ಖಾತೆ ಇಲ್ದಿದ್ರೆ ಯಾವ ಕೆಲಸ ಅವರ ಪಾಲಿಗೆ ಬರುತ್ತೆ ಅನ್ನೋದು ಮೇಲಿನ ಸಚಿವರ ಹಂಚಿಕೆ ಮೇಲೆ ನಿಂತಿರುತ್ತೆ. ಇದನ್ನ ಹೇಳದೆ ಬರೀ 'ನಾಲ್ಕು ಸ್ಥಾನ' ಅಂತ ಹೆಡ್‌ಲೈನ್ ಹಾಕೋದು ಓದುಗರಿಗೆ ಮಾಡೋ ಅನ್ಯಾಯ ಅಂತ ನನ್ನ ಗಟ್ಟಿ ಅಭಿಪ್ರಾಯ.

ಹಾಗಂತ ಖಾತೆ ಬದಲಾವಣೆಯಿಂದ ಏನೂ ಆಗಲ್ಲ ಅಂತಲ್ಲ. 1969ರ ಜುಲೈ 16ಕ್ಕೆ ಇಂದಿರಾ ಗಾಂಧಿ ಮೊರಾರ್ಜಿ ದೇಸಾಯಿ ಕೈಯಿಂದ ಹಣಕಾಸು ಖಾತೆ ತಗೊಂಡ್ರು, ಮೂರೇ ದಿನಕ್ಕೆ, ಜುಲೈ 19ಕ್ಕೆ, 14 ಬ್ಯಾಂಕ್ ರಾಷ್ಟ್ರೀಕರಣ ಆಯ್ತು. ಅಲ್ಲಿ ಮೊದಲು ಏನು ಮಾಡ್ಬೇಕು ಅಂತ ನಿರ್ಧಾರ ಆಗಿತ್ತು, ಅದಕ್ಕೆ ಅಡ್ಡ ಬಂದ ಖಾತೆ ಆಮೇಲೆ ಕೈ ಬದಲಾಯ್ತು. ಅದಕ್ಕೇ ಪಟ್ಟಿ ಬಂದಾಗ ನಾನು ಮೊದಲು ನೋಡೋದು, ಈ ಬದಲಾವಣೆ ಹಿಂದೆ ಒಂದು ಕೆಲಸ ಇದೆಯಾ, ಇಲ್ಲಾ ಬರೀ ಮುಂದಿನ ಚುನಾವಣೆ ಇದೆಯಾ ಅಂತ.

ಪ್ರಶ್ನೆ: ಹಳೇ ಸಚಿವರು ನಮ್ಮ ಜಿಲ್ಲೆ ಬಗ್ಗೆ ಲೋಕಸಭೆಯಲ್ಲಿ ಭರವಸೆ ಕೊಟ್ಟಿದ್ರು. ಈಗ ಅವರು ಆ ಖಾತೆಯಲ್ಲಿಲ್ಲ. ಭರವಸೆ ಹೋದ ಹಾಗೇನಾ?

ಉತ್ತರ: ಖಂಡಿತ ಇಲ್ಲ! ಸದನದಲ್ಲಿ ಕೊಟ್ಟ ಭರವಸೆ ಇಲಾಖೆಗೆ ಅಂಟಿಕೊಂಡಿರುತ್ತೆ, ಬಾಗಿಲ ಮೇಲಿನ ಹೆಸರಿನ ಬೋರ್ಡು ಬದಲಾದ್ರೂ ಫೈಲು ಅಲ್ಲೇ ಇರುತ್ತೆ, ಇಲಾಖೆ ಕಾರ್ಯದರ್ಶಿನೂ ಸಾಮಾನ್ಯವಾಗಿ ಅಲ್ಲೇ ಇರ್ತಾರೆ, ಹೋಗೋದು ಸಚಿವರ ಆಪ್ತ ಸಿಬ್ಬಂದಿ ಮಾತ್ರ. ಲೋಕಸಭೆಯಲ್ಲಿ ಇಂಥದ್ದನ್ನ ನೋಡೋಕೇ ಸರ್ಕಾರಿ ಭರವಸೆಗಳ ಸಮಿತಿ ಅಂತ 15 ಸದಸ್ಯರ ಸಮಿತಿ ಇದೆ, ಭರವಸೆ ಈಡೇರಿಸೋಕೆ ಇರೋ ಗಡುವು ಮೂರು ತಿಂಗಳು, ಆಗ್ಲಿಲ್ಲ ಅಂದ್ರೆ ಇಲಾಖೆಯವರು ಸಮಿತಿ ಹತ್ರ ಹೆಚ್ಚಿನ ಸಮಯ ಕೇಳ್ಬೇಕು. ಸಚಿವರು ಉತ್ತರ ಕೊಟ್ಟ ತಾರೀಖು, ಪ್ರಶ್ನೆ ಸಂಖ್ಯೆ ಎರಡೂ ಲೋಕಸಭೆ ವೆಬ್‌ಸೈಟಲ್ಲಿ ಹುಡುಕಿ, ಒಂದು ಹಾಳೆಲಿ ಬರೆದು ನಿಮ್ಮ ಸಂಸದರ ಕೈಗೆ ಕೊಟ್ಟು, ಸಮಿತಿಗೆ ಪತ್ರ ಬರೀತೀರಾ ಅಂತ ನೇರವಾಗಿ ಕೇಳಿ.