ಆನೆಗೂ ಹೆದರಿದ ಆಡಳಿತ

ಪ್ರಶ್ನೆ: ಅರ್ಜೆಂಟೀನಾದ ಸೇನಾಡಳಿತದ ಬಿಸಿ ರಾಜಕೀಯವನ್ನೇ ಅರಿಯದ ಮಕ್ಕಳಿಗೂ ತಟ್ಟಿತ್ತೇ?

ಉತ್ತರ: ತಟ್ಟಿತ್ತು. 1976ರ ಮಾರ್ಚ್ 24ರಂದು ಅಧಿಕಾರ ಕಿತ್ತುಕೊಂಡ ಸೇನೆ, 1983ರವರೆಗೆ ತನ್ನ ಗುಮಾನಿಗೆ ಒಳಗಾದವರನ್ನು ರಹಸ್ಯ ಬಂಧನ ಕೇಂದ್ರಗಳಿಗೆ ಒಯ್ದು ಕಾಣೆಯಾಗಿಸುತ್ತಿತ್ತು. ತಲೆಮರೆಸಿಕೊಂಡವರ ಮಕ್ಕಳು ಅಪ್ಪ, ಅಮ್ಮನ ನಿಜವಾದ ಹೆಸರನ್ನು ಹೊರಗೆ ಬಾಯಿಬಿಡಬಾರದೆಂಬುದನ್ನು ಅಕ್ಷರಕ್ಕಿಂತ ಮೊದಲೇ ಕಲಿಯಬೇಕಾಗಿತ್ತು. ಸರ್ಕಸ್ಸಿನ ಆನೆಯೊಂದು ಮುಷ್ಕರ ಹೂಡುವ ಕಥೆಯಿದ್ದ ಮಕ್ಕಳ ಪುಸ್ತಕವನ್ನೂ 1977ರಲ್ಲಿ ನಿಷೇಧಿಸಲಾಯಿತು. ಬಂದೂಕು ಹಿಡಿದವರಿಗೆ ಕಥೆಯ ಆನೆಯ ಭಯ!

ಎಲ್ಲಕ್ಕಿಂತ ಘೋರವಾದದ್ದು ಬಂಧನದಲ್ಲೇ ಹುಟ್ಟಿದ ಕೂಸುಗಳ ಪಾಡು. ಅವನ್ನು ತಾಯಿಯ ಮಡಿಲಿನಿಂದ ಕಿತ್ತು, ಸುಳ್ಳು ಜನನಪತ್ರ ಸೃಷ್ಟಿಸಿ, ಅನೇಕ ವೇಳೆ ಸೇನೆ, ಪೊಲೀಸ್ ಕುಟುಂಬಗಳಿಗೇ ಒಪ್ಪಿಸಲಾಯಿತು. ಹೀಗೆ ಕದಿಯಲಾದ ಮಕ್ಕಳು ಸುಮಾರು 500 ಎಂಬುದು, 1977ರಲ್ಲಿ ಒಂದುಗೂಡಿ ಮೊಮ್ಮಕ್ಕಳ ಹುಡುಕಾಟಕ್ಕಿಳಿದ ‘ಪ್ಲಾಜಾ ದೆ ಮಾಯೊ ಅಜ್ಜಿಯರ’ (ರಾಜಧಾನಿಯ ಚೌಕವೊಂದರ ಹೆಸರು ಹೊತ್ತ ಸಂಘಟನೆ) ಅಂದಾಜು. ತಂದೆತಾಯಿ ಇಬ್ಬರೂ ಇಲ್ಲದಿರುವಾಗ ರಕ್ತಸಂಬಂಧವನ್ನು ಸಾಬೀತುಪಡಿಸುವುದು ಹೇಗೆ? ಅಜ್ಜಿಯರು ವಿಜ್ಞಾನಿಗಳ ಬಳಿಗೆ ಹೋದರು. ಅಜ್ಜ, ಅಜ್ಜಿಯರ ರಕ್ತದಿಂದಲೇ ಮೊಮ್ಮಗುವನ್ನು ಗುರುತಿಸುವ ವಿಧಾನ ರೂಪುಗೊಂಡಿತು, 1987ರಲ್ಲಿ ಅದಕ್ಕಾಗಿಯೇ ವಂಶವಾಹಿ ಮಾಹಿತಿಯ ರಾಷ್ಟ್ರೀಯ ಬ್ಯಾಂಕ್ ಸ್ಥಾಪಿಸುವ ಕಾನೂನು ಬಂತು. ಈವರೆಗೆ 130ಕ್ಕೂ ಹೆಚ್ಚು ಮಂದಿಯ ಗುರುತು ಪತ್ತೆಯಾಗಿದೆ. ಅವರಲ್ಲಿ ಕೆಲವರಿಗೆ ತಮ್ಮ ನಿಜವಾದ ಹುಟ್ಟು ತಿಳಿದದ್ದು ನಲವತ್ತು ದಾಟಿದ ಮೇಲೆ.