ತೋರಣದ ಜಾಲರಿ, ತೊಟ್ಟಿಯ ಪಾಚಿ

ಪ್ರಶ್ನೆ: ನಮ್ಮದು ಮೂರಡಿಯ ಗಾಜಿನ ತೊಟ್ಟಿ, ಐದು ಗೋಲ್ಡ್‌ಫಿಶ್. ವಾರಕ್ಕೊಮ್ಮೆ ಉಜ್ಜಿದರೂ ಗಾಜು ಹಸಿರಾಗುತ್ತದೆ. ಪಾಚಿಯನ್ನು ಬೇರೆ ಕಡೆ ಬೆಳೆಸಿದರೆ ತೊಟ್ಟಿ ತಿಳಿಯಾಗುತ್ತದೆ ಎನ್ನುತ್ತಾನೆ ನಮ್ಮಣ್ಣನ ಮಗ. ಮೀನಿನ ಅಂಗಡಿಯವರು ಅದನ್ನು ಕೇಳಿ ನಕ್ಕು, ಪಾಚಿ ಸಾಯಿಸುವ ಔಷಧಿಯ ಬಾಟಲಿ ಕೊಟ್ಟರು. ಯಾರ ಮಾತು ಕೇಳಲಿ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಅಣ್ಣನ ಮಗನ ಮಾತು ಕೇಳಿ. ಬಾಟಲಿಯ ಮುಚ್ಚಳ ತೆರೆದಿಲ್ಲವಾದರೆ ಹಿಂದಿರುಗಿಸಿ. ಔಷಧಿಗೆ ಸತ್ತ ಪಾಚಿ ತೊಟ್ಟಿಯಲ್ಲೇ ಕೊಳೆತು, ಹೀರಿಕೊಂಡದ್ದನ್ನೆಲ್ಲ ನೀರಿಗೇ ಕಕ್ಕುತ್ತದೆ. ಮುಂದಿನ ಬೆಳೆಗೆ ನೀವೇ ಗೊಬ್ಬರ ಹಾಕಿದಂತಾಗುತ್ತದೆ.

ಮೀನು ಬಿಡುವ ಅಮೋನಿಯವನ್ನು ಸ್ಪಂಜ್ ಫಿಲ್ಟರಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡಿ, ಅಲ್ಲಿಗೆ ಕೈತೊಳೆದುಕೊಳ್ಳುತ್ತವೆ. ಅಲ್ಲಿಂದ ಮುಂದೆ ನೀರು ಬದಲಿಸುವ ಬಕೆಟ್ ಹೊರುವವರು ನಾವು. ಪಾಚಿ ಹಾಗಲ್ಲ, ಅಮೋನಿಯ, ನೈಟ್ರೇಟ್, ಫಾಸ್ಫೇಟ್ ಮೂರನ್ನೂ ಉಂಡು ಮೈ ಬೆಳೆಸಿಕೊಳ್ಳುತ್ತದೆ. ಆ ಮೈಯನ್ನು ಕೆರೆದು ಆಚೆ ಹಾಕಿದರೆ ಅಷ್ಟು ಕೊಳೆ ತೊಟ್ಟಿಯಿಂದ ಹೋಯಿತೆಂದೇ ಅರ್ಥ.

ನಮ್ಮ ಮನೆಯ ವ್ಯವಸ್ಥೆ ಹೇಳುತ್ತೇನೆ. ಉಲ್ಲನ್ ತೋರಣ ಹೆಣೆಯಲು ತಂದಿದ್ದ ಚೌಕ ಕಣ್ಣಿನ ಪ್ಲಾಸ್ಟಿಕ್ ಜಾಲರಿಯಲ್ಲಿ ನಾಲ್ಕಿಂಚು ಅಗಲದ ತುಂಡು ಉಳಿದಿತ್ತು. ಗರಗಸದ ಬ್ಲೇಡಿನಿಂದ ಅದರ ಎರಡೂ ಮೈಯನ್ನು ಮುಳ್ಳುಮುಳ್ಳಾಗುವಂತೆ ಗೀರಿದೆ. ನುಣುಪಾಗಿದ್ದರೆ ಪಾಚಿಗೆ ಬೇರೂರಲು ಹಿಡಿತ ಸಿಗದೆ ಜಾರಿ ಬೀಳುತ್ತದೆ. ಉದ್ದಕ್ಕೆ ಸೀಳಿದ ಪಿವಿಸಿ ಪೈಪಿಗೆ ಅದನ್ನು ಸಿಕ್ಕಿಸಿ, ತೊಟ್ಟಿಯ ಮೇಲಿಟ್ಟ ಪ್ಲಾಸ್ಟಿಕ್ ಡಬ್ಬದೊಳಗೆ ಇಳಿಬಿಟ್ಟಿದ್ದೇನೆ. ಪಂಪ್ ಎತ್ತಿದ ನೀರು ಜಾಲರಿಯ ಎರಡೂ ಬದಿಗೆ ತೆಳ್ಳಗೆ ಹರಿದು, ಡಬ್ಬದ ತಳದ ತೂತಿನಿಂದ ತೊಟ್ಟಿಗೆ ಮರಳುತ್ತದೆ. ಜಾಲರಿಯ ಅಗಲದ ಒಂದೊಂದು ಇಂಚಿಗೂ ಗಂಟೆಗೆ ಸುಮಾರು 130 ಲೀಟರ್ ನೀರು ಹರಿಯಬೇಕೆನ್ನುವುದು ಹವ್ಯಾಸಿಗಳ ಲೆಕ್ಕ. ಡಬ್ಬದ ಹೊರಗಿನಿಂದ ಕೆಂಪು ಹೆಚ್ಚಿರುವ ಎಲ್ಇಡಿ ದೀಪ ದಿನಕ್ಕೆ ಹದಿನಾರು ಗಂಟೆ ಉರಿಯುತ್ತದೆ. ವೈರನ್ನು ಪ್ಲಗ್ಗಿಗಿಂತ ಕೆಳಗೆ ಜೋತುಬೀಳುವಂತೆ ಬಿಟ್ಟು ಆಮೇಲೆ ಮೇಲೆತ್ತಿ. ಹನಿ ಜಾರಿ ಬಂದರೂ ಅಲ್ಲೇ ತೊಟ್ಟಿಕ್ಕಲಿ. ಜಾಲರಿಯ ಅಳತೆಯನ್ನು ತೊಟ್ಟಿಯ ಲೀಟರ್ ನೋಡಿ ನಿರ್ಧರಿಸಬೇಡಿ, ದಿನಕ್ಕೆ ಎಷ್ಟು ಆಹಾರ ಉದುರಿಸುತ್ತೀರಿ ಎಂಬುದನ್ನು ನೋಡಿ. ಗೋಲ್ಡ್‌ಫಿಶ್ ಹೊಟ್ಟೆಬಾಕ, ಸ್ವಲ್ಪ ದೊಡ್ಡದೇ ಇರಲಿ.

ಮೊದಲ ಎರಡು ವಾರ ಕಂದು ಲೋಳೆ ಕಂಡು ನಮ್ಮ ಮನೆಯವರು ಮೂಗು ಮುಚ್ಚಿಕೊಂಡಿದ್ದರು. ಮೂರನೆಯ ವಾರ ಹಸಿರು ಹತ್ತಿತು. ಈಗ ಪ್ರತಿ ಭಾನುವಾರ ಜಾಲರಿಯನ್ನು ಬಚ್ಚಲಿಗೆ ಒಯ್ದು ಬೆರಳಿನಿಂದ ಕೆರೆಯುತ್ತೇನೆ, ಬುಡದಲ್ಲಿ ತೆಳು ಪದರವನ್ನು ಹಾಗೆಯೇ ಬಿಟ್ಟು. ಹಿಂಡಿದರೆ ಒಂದು ಮುಷ್ಟಿ, ಒದ್ದೆ ಉಣ್ಣೆಯ ಹಾಗೆ. ಅದು ನೇರವಾಗಿ ಕರಿಬೇವಿನ ಬುಡಕ್ಕೆ. ಗಾಜು ಉಜ್ಜುವ ಕೆಲಸ ನಿಂತಿಲ್ಲ, ತಿಂಗಳಿಗೊಮ್ಮೆ ಆಗಿದೆ.

ಮಗಳ ಬಾಣಂತನಕ್ಕೆಂದು ಐದು ವಾರ ಪುಣೆಗೆ ಹೋಗಿದ್ದೆ. ಮೀನಿಗೆ ಆಹಾರ ಹಾಕಲು ಮನೆಯವರಿಗೆ ಹೇಳಿದ್ದೆ, ಕೆರೆಯಲು ಹೇಳಿರಲಿಲ್ಲ. ಹಿಂತಿರುಗಿದಾಗ ದಪ್ಪ ಪಾಚಿಯ ಒಳಪದರ ಬೆಳಕಿಲ್ಲದೆ ಕೊಳೆತು, ಇಡೀ ಕಂಬಳಿಯೇ ಕಳಚಿ ಡಬ್ಬದ ತೂತಿಗೆ ಅಡ್ಡ ಕೂತಿತ್ತು. ಡಬ್ಬ ತುಂಬಿ ತುಳುಕಿ, ಕೆಳಗಿನ ಮರದ ಕಪಾಟು ಉಬ್ಬಿಹೋಗಿತ್ತು. ತಪ್ಪು ಪಾಚಿಯದಲ್ಲ, ನನ್ನದು. ಊರಿಗೆ ಹೋಗುವ ಮುನ್ನ ಯಾರಿಗಾದರೂ ಕೆರೆಯುವುದನ್ನು ಕಲಿಸಿಹೋಗಿ.

ಪ್ರಶ್ನೆ: ಪಾಚಿ ಇಷ್ಟು ಒಳ್ಳೆಯದಾದರೆ ಎಲ್ಲರೂ ಏಕೆ ಬಳಸುವುದಿಲ್ಲ?
– ಕಾಲೇಜು ವಿದ್ಯಾರ್ಥಿ, ಉಡುಪಿ

ಉತ್ತರ: ಬಳಸುವವರು ಮೊದಲಿಂದಲೂ ಇದ್ದಾರೆ, ಬೈಸಿಕೊಂಡೂ ಇದ್ದಾರೆ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡೀ ಕೆರಿಬಿಯನ್ ಹವಳದ ದಿಬ್ಬಗಳಲ್ಲಿ ಗಿಡ್ಡ ಪಾಚಿಯ ಹಾಸನ್ನು ಅಭ್ಯಾಸ ಮಾಡಿದವರು. ಮೀನು ಮೇಯುತ್ತಲೇ ಇದ್ದರೂ, ಅಲೆ ಬಡಿಯುತ್ತಲೇ ಇದ್ದರೂ ಅದು ಭರದಿಂದ ಬೆಳೆಯುತ್ತಿತ್ತು. ಅದನ್ನೇ ಜಾಲರಿಯ ಮೇಲೆ ಬೆಳೆಸಿ, ಮಗುಚುವ ತೊಟ್ಟಿಯಿಂದ ನೀರು ಅಲೆಯಂತೆ ಬೀಳುವ ಹಾಗೆ ಮಾಡಿ, 1982ರಲ್ಲಿ ಪೇಟೆಂಟ್ ಪಡೆದರು. 1987ರಲ್ಲಿ ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ ತೆರೆದ ದೊಡ್ಡ ಹವಳದ ಅಕ್ವೇರಿಯಂ ಕೂಡ ಇದೇ ವಿಧಾನ ಹಿಡಿಯಿತು.

ಹೆಸರು ಕೆಟ್ಟದ್ದು ಬಣ್ಣದಿಂದ. ಪಾಚಿಯಿಂದ ಒಸರುವ ಪದಾರ್ಥಗಳಿಂದ ನೀರು ತೆಳು ಚಹಾದ ಬಣ್ಣಕ್ಕೆ ತಿರುಗುತ್ತದೆ, ಹವಳ ಸೊರಗುತ್ತದೆ ಎಂಬ ದೂರು ಹಬ್ಬಿತು. ಒಂದು ಚೀಲ ಆಕ್ಟಿವೇಟೆಡ್ ಕಾರ್ಬನ್, ಅಂದರೆ ಬಣ್ಣ ಹೀರುವ ಇದ್ದಿಲು, ಇಟ್ಟರೆ ಬಣ್ಣ ಹೋಗುತ್ತದೆ. ಆದರೆ ಒಮ್ಮೆ ಹಬ್ಬಿದ ಮಾತನ್ನು ಸೋಸುವ ಫಿಲ್ಟರ್ ಇಲ್ಲವಲ್ಲ! ಆ ಹೊತ್ತಿಗೆ ಜೀವಂತ ಕಲ್ಲು (ಬ್ಯಾಕ್ಟೀರಿಯಾಗಳು ಮನೆಮಾಡಿಕೊಂಡ ಸಮುದ್ರದ ಕಲ್ಲು) ಮತ್ತು ಪ್ರೋಟೀನ್ ಸ್ಕಿಮ್ಮರ್ (ಗಾಳಿಗುಳ್ಳೆಗಳಿಂದ ಕೊಳೆಯನ್ನು ನೊರೆಯಾಗಿ ಎತ್ತಿ ತೆಗೆಯುವ ಸಾಧನ) ನೆಚ್ಚಿಕೊಂಡ ಬರ್ಲಿನ್ ವಿಧಾನವೂ ಸಮುದ್ರದ ತೊಟ್ಟಿ ಇಟ್ಟವರ ಮನೆಗಳಿಗೆ ಬಂದಿತ್ತು. ಏಡೀ ಮಾದರಿಯ ಯಂತ್ರವೋ ಮನೆಯ ಮಟ್ಟಿಗೆ ದೊಡ್ಡದು, ದಡಬಡ ಸದ್ದು ಬೇರೆ. 2000ರ ದಶಕದ ಕೊನೆಯಲ್ಲಿ ಹವ್ಯಾಸಿಗಳೇ ಜಾಲರಿಯನ್ನು ನೆಟ್ಟಗೆ ನಿಲ್ಲಿಸಿ, ಜಲಪಾತದ ಹಾಗೆ ನೀರು ಇಳಿಬಿಡತೊಡಗಿದ ಮೇಲೆ ಅದು ನನ್ನಂಥವಳ ಕೈಗೂ ಎಟುಕಿತು. ಸಮುದ್ರದ ತೊಟ್ಟಿಯಲ್ಲಿ ಸ್ಕಿಮ್ಮರ್ ಜೊತೆಗೇ ಇದನ್ನೂ ಇಡಬಹುದು. ಎರಡಕ್ಕೂ ಜಗಳವಿಲ್ಲ, ಜಗಳವೆಲ್ಲ ಇಡುವವರದ್ದು.

ಪ್ರಶ್ನೆ: ಬೇಗ ಹತ್ತಲೆಂದು ಊರ ಕೆರೆಯ ಪಾಚಿ ತಂದು ಹಚ್ಚಬಹುದೇ?
– ಒಬ್ಬ ಓದುಗರು, ತಿಪಟೂರು

ಉತ್ತರ: ಬೇಡ. ಅದರ ಜೊತೆ ಬಸವನಹುಳುವಿನ ಮೊಟ್ಟೆಯೂ ಮೀನಿನ ರೋಗವೂ ಬರುತ್ತವೆ. ನಿಮ್ಮ ತೊಟ್ಟಿಯ ಗಾಜಿನಿಂದಲೇ ಒಂದಿಷ್ಟು ಕೆರೆದು ಜಾಲರಿಗೆ ತಿಕ್ಕಿ, ಸಾಕು.